ಲಗೂನಿನ ಬಾಡಿಗೆ ಎಷ್ಟು?

ಹೈದರಾಬಾದಿನ ಕೂಕಟ್‌ಪಲ್ಲಿಯ ಕೆಪಿಎಚ್‌ಬಿ ಕಾಲನಿಯಲ್ಲಿ ಟ್ರಾವೆಲ್ಸ್ ಅಂಗಡಿಗಳಿಗೆ ಬರವಿಲ್ಲ. ಟಿಫಿನ್ ಸೆಂಟರ್ ಮತ್ತು ಕೋಚಿಂಗ್ ಸೆಂಟರ್‌ಗಳ ನಡುವೆ ತೂರಿಕೊಂಡ ಈ ಅಂಗಡಿಗಳಲ್ಲಿ ತಿರುಪತಿ ದರ್ಶನದಿಂದ ದುಬೈವರೆಗೆ ಎಲ್ಲಕ್ಕೂ ಬೋರ್ಡಿದೆ. ಐಟಿ ಸಂಬಳದ ಹೊಸ ಜೋಡಿಗಳಿಗೆಂದು ಗಾಜಿನ ಮೇಲೆ ಅಂಟಿಸಿದ ಚಿತ್ರ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹಸಿರುನೀಲಿ ನೀರು, ನೀರಲ್ಲೇ ಕಂಬ ನೆಟ್ಟು ಕಟ್ಟಿದ ಹುಲ್ಲುಮಾಡಿನ ಮನೆಗಳು, ಕೆಳಗೆ ‘ಮಾಲ್ದೀವ್ಸ್, ನಾಲ್ಕು ರಾತ್ರಿ ಐದು ಹಗಲು’. 2024ರ ಜನವರಿಯಲ್ಲಿ ಕೆಲವರು ಚಿತ್ರವನ್ನು ಹಾಗೇ ಬಿಟ್ಟು ಹೆಸರನ್ನಷ್ಟೇ ಬದಲಿಸಿದರು: ‘ಲಕ್ಷದ್ವೀಪ’.

ಆ ತಿಂಗಳ ಮೊದಲ ವಾರ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದಿದ್ದರು. ಮರಳಿನ ಮೇಲೆ ಕುರ್ಚಿ ಹಾಕಿ ಕುಳಿತದ್ದು, ಸ್ನಾರ್ಕೆಲಿಂಗ್ ಮಾಡಿದ್ದು, ಎಲ್ಲದರ ಫೋಟೊ ಬಂತು. ಮಾಲ್ದೀವ್ಸ್‌ನ ಮೂವರು ಉಪಮಂತ್ರಿಗಳು ಅದರ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿದರು. ಅಲ್ಲಿನ ಸರ್ಕಾರ ಅವರನ್ನು ಅಮಾನತು ಮಾಡಿತು. ನಮ್ಮ ಒಂದು ಬುಕಿಂಗ್ ಕಂಪನಿ ಮಾಲ್ದೀವ್ಸ್ ವಿಮಾನಗಳ ಟಿಕೆಟ್ ಕೊಡುವುದನ್ನೇ ನಿಲ್ಲಿಸಿತು. ಇನ್ನೊಂದು ಕಂಪನಿ ತನ್ನ ತಾಣದಲ್ಲಿ ಲಕ್ಷದ್ವೀಪ ಹುಡುಕುವವರ ಸಂಖ್ಯೆ ಶೇ 3,400ರಷ್ಟು ಏರಿತೆಂದು ಹೇಳಿಕೊಂಡಿತು. ದೇಶಭಕ್ತಿಯೂ ಹನಿಮೂನೂ ಇಷ್ಟು ಸಲೀಸಾಗಿ ಕೂಡಿ ಬಂದದ್ದು ಅಪರೂಪ.

ತಮಾಷೆ ಎಂದರೆ, ಗಾಜಿನ ಮೇಲಿನ ಚಿತ್ರದಲ್ಲಿದ್ದಂಥ ನೀರಮನೆ ಆಗ ಲಕ್ಷದ್ವೀಪದಲ್ಲಿ ಇರಲಿಲ್ಲ. ಹೋಗುವುದೂ ಅಷ್ಟು ಸುಲಭವಿರಲಿಲ್ಲ. ಹೈದರಾಬಾದಿನಿಂದ ಹೊರಟವರು ಮೊದಲು ಕೊಚ್ಚಿ ಸೇರಬೇಕಿತ್ತು. ಅಲ್ಲಿಂದ ಹಡಗು, ಇಲ್ಲವೇ ಅಗತ್ತಿಗೆ ಚಿಕ್ಕ ವಿಮಾನ. ಅಗತ್ತಿಯ ರನ್‌ವೇ ಇರುವುದೇ ಸುಮಾರು 1,200 ಮೀಟರ್, ಎರಡೂ ತುದಿಯಲ್ಲಿ ಸಮುದ್ರ. ಎಟಿಆರ್‌ಗಿಂತ ದೊಡ್ಡದು ಅಲ್ಲಿ ಇಳಿಯುವುದಿಲ್ಲ. ಬೆಂಗಳೂರಿನಿಂದ ಅಗತ್ತಿಗೆ ಇಂಡಿಗೋ ನೇರ ವಿಮಾನ ಬಿಟ್ಟದ್ದು ಆ ವರ್ಷದ ಮಾರ್ಚ್ 31ಕ್ಕೆ. ಜೊತೆಗೆ ಪರ್ಮಿಟ್ ಬೇಕು. ದ್ವೀಪದವರಲ್ಲದವರು ಒಪ್ಪಿಗೆಯಿಲ್ಲದೆ ಕಾಲಿಡಬಾರದೆಂಬ 1967ರ ನಿಯಮ ಇನ್ನೂ ಇದೆ. ಇಷ್ಟೆಲ್ಲ ಮಾಡಿ ಹೋದರೂ ತಂಗಲು ಕೋಣೆಗಳು ಬೆರಳೆಣಿಕೆಯಷ್ಟು.

ಆ ಕೋಣೆಗಳನ್ನು ಹೆಚ್ಚಿಸುವುದಕ್ಕೆ ಸರ್ಕಾರ ಏನೇನು ಕೊಡಲು ಹೊರಟಿದೆ, ಯಾರಿಗೆ ಕೊಡಲು ಹೊರಟಿದೆ ಎಂಬುದು ಈ ಬರಹದ ವಿಷಯ. ಅಷ್ಟು ದೂರದ ಹವಳದ ದಿಬ್ಬಗಳ ಚಿಂತೆ ಕನ್ನಡಿಗರಿಗೆ ಏಕೆ ಎಂದು ಕೇಳುವವರಿಗೆ ಒಂದು ಹಳೆಯ ಲೆಕ್ಕ ಹೇಳಬೇಕು.

ಮಂಗಳೂರು ಕಲೆಕ್ಟರರ ದ್ವೀಪಗಳು

ಲಕ್ಷದ್ವೀಪದ ಉತ್ತರದ ಗುಂಪಿಗೆ ಅಮಿನ್‌ದೀವಿ ಎಂದು ಹೆಸರು. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇಲ್ಲಿನ ಜನವಸತಿಯ ದ್ವೀಪಗಳು. 18ನೇ ಶತಮಾನದ ಕೊನೆಗೆ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ಅಮಿನಿಯವರು ದೋಣಿಯೇರಿ ಬಂದದ್ದು ಮಂಗಳೂರಿಗೆ, ಟಿಪ್ಪುವಿನ ಬಳಿ. ಐದು ದ್ವೀಪಗಳು ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿಗೆ ಸೇರಿ, ಮಂಗಳೂರಿನಿಂದಲೇ ಆಡಳಿತ ಮುಂದುವರಿಯಿತು. ಒಂದೂವರೆ ಶತಮಾನ ಕಡ್ಮತ್‌ನ ಜಗಳ, ಜಮೀನು, ಕಂದಾಯ ಎಲ್ಲ ದಕ್ಷಿಣ ಕನ್ನಡ ಜಿಲ್ಲೆಯ ಕಡತ.

ಆ ಕಡತಗಳಲ್ಲಿ ಹೆಚ್ಚು ಕಾಣುವ ಸರಕು ತೆಂಗಿನ ನಾರಿನ ಹುರಿ. ದ್ವೀಪದ ಹೆಂಗಸರು ಹೊಸೆದ ಹುರಿಯನ್ನು ಸರ್ಕಾರಕ್ಕೇ ಮಾರಬೇಕು, ಸರ್ಕಾರ ಹೇಳಿದ ಬೆಲೆಗೇ ಮಾರಬೇಕು, ಅದರ ಬದಲಿಗೆ ಅಕ್ಕಿ ಪಡೆಯಬೇಕು. ದರ ನಿಗದಿಯಾಗುತ್ತಿದ್ದದ್ದು ಸಮುದ್ರದ ಈ ದಡದಲ್ಲಿ. ಪೇಟೆಯಲ್ಲಿ ಹುರಿಗೆ ಬೆಲೆ ಏರಿದರೂ ಅಕ್ಕಿ ತುಟ್ಟಿಯಾದರೂ ದ್ವೀಪದವರ ಕೈಯಲ್ಲಿ ಏನೂ ಇರಲಿಲ್ಲ. ಈ ಏಕಸ್ವಾಮ್ಯವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಎರಡು ತುಂಡುಗಳನ್ನು ಬಿಟ್ಟು ಬಂತು. ಒಂದು ಕಾಸರಗೋಡು ತಾಲ್ಲೂಕು. ಅದರ ನೋವನ್ನು ನಾವು ಇಂದಿಗೂ ಹಾಡಿಕೊಳ್ಳುತ್ತೇವೆ. ಇನ್ನೊಂದು ಅಮಿನ್‌ದೀವಿ ದ್ವೀಪಗಳು. ಇವನ್ನು ಯಾರೂ ನೆನೆಯಲಿಲ್ಲ. ಅಲ್ಲಿನ ಮಾತು ಮಲಯಾಳದ ಒಂದು ರೂಪ, ಹಾಗಾಗಿ ನೆನೆಯಲು ಭಾಷೆಯ ನಂಟೂ ಇರಲಿಲ್ಲ. ದಕ್ಷಿಣದ ದ್ವೀಪಗಳ ಜೊತೆ ಸೇರಿಸಿ ಅದೇ ನವೆಂಬರ್ 1ಕ್ಕೆ ಕೇಂದ್ರಾಡಳಿತ ಪ್ರದೇಶ ಮಾಡಿದರು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಆಡಳಿತದ ನಂಟು ಹೋಯಿತು, ವ್ಯಾಪಾರದ್ದು ಹೋಗಲಿಲ್ಲ. ಮಂಗಳೂರಿನ ಹಳೆ ಬಂದರಿಗೆ ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಹೋದರೆ ಲಕ್ಷದ್ವೀಪಕ್ಕೆ ಹೊರಟ ಮಂಜಿ ಎಂಬ ಸರಕು ದೋಣಿಗಳು ಕಾಣುತ್ತವೆ. ತರಕಾರಿ, ದಿನಸಿ, ಸಿಮೆಂಟು, ಜಲ್ಲಿ, ಕಬ್ಬಿಣ ಎಲ್ಲವೂ ಇಲ್ಲಿಂದ ಹೋಗುತ್ತವೆ. ಮೇ ತಿಂಗಳ ನಡುವಿಗೆ ಸಮುದ್ರ ಕೆಟ್ಟರೆ ಮಂಜಿ ನಿಲ್ಲುತ್ತದೆ, ಮತ್ತೆ ಹೊರಡುವುದು ಮಳೆಯ ಜೋರು ಇಳಿದ ಮೇಲೆ. 2021ರಲ್ಲಿ ದ್ವೀಪದ ಆಡಳಿತ ಸರಕು ಸಾಗಣೆಯನ್ನು ಕೋಯಿಕ್ಕೋಡಿನ ಬೇಪೂರಿನಿಂದ ಮಂಗಳೂರಿಗೆ ತಿರುಗಿಸಲು ಹೊರಟಾಗ ಕೇರಳದಲ್ಲಿ ಗದ್ದಲವಾಯಿತು. 2024ರ ಮೇನಲ್ಲಿ ‘ಪರಳಿ’ ಎಂಬ ವೇಗದ ಹಡಗು 160 ಪ್ರಯಾಣಿಕರನ್ನು ಹೊತ್ತು ಸುಮಾರು ಏಳು ತಾಸಿನಲ್ಲಿ ಹಳೆ ಬಂದರು ಮುಟ್ಟಿದಾಗ ಮಂಗಳೂರಿನಲ್ಲಿ ಸ್ವಾಗತ ಸಿಕ್ಕಿತು. ದ್ವೀಪಗಳಲ್ಲಿ ಎದ್ದೇಳುವ ಯಾವ ವಿಲ್ಲಾದ ಸಿಮೆಂಟಿನಲ್ಲೂ ಕರಾವಳಿಗೆ ಒಂದು ಪಾಲಿರುತ್ತದೆ.

ಬಂಗಾರಂನಿಂದ ತಾಜ್‌ವರೆಗೆ

ಲಕ್ಷದ್ವೀಪದಲ್ಲಿ ರೆಸಾರ್ಟ್ ಎಂಬ ಕಲ್ಪನೆ 2024ರದ್ದಲ್ಲ. 1987ರ ಕೊನೆಗೆ ಪ್ರಧಾನಿ ರಾಜೀವ್ ಗಾಂಧಿ ಕುಟುಂಬ, ಸ್ನೇಹಿತರೊಂದಿಗೆ ಹೊಸ ವರ್ಷಕ್ಕೆ ಹೋಗಿದ್ದು ಇಲ್ಲಿನ ಬಂಗಾರಂ ದ್ವೀಪಕ್ಕೆ. ಆ ರಜೆಯ ಖರ್ಚಿನ ಬಗ್ಗೆ ಎದ್ದ ವಿವಾದ ಈಗಲೂ ಚುನಾವಣೆ ಬಂದಾಗ ತಲೆ ಎತ್ತುತ್ತದೆ. ಅದೇ ಕಾಲಕ್ಕೆ ಕೊಚ್ಚಿಯ ಒಂದು ಹೋಟೆಲ್ ಬಳಗ ಅಲ್ಲಿ ರೆಸಾರ್ಟ್ ನಡೆಸಲು ಶುರುಮಾಡಿತು. ಎಸಿ ಇಲ್ಲ, ಟಿವಿ ಇಲ್ಲ, ತೆಂಗಿನ ಮರದ ಕೆಳಗೆ ಕೆಲವೇ ಗುಡಿಸಲು. ಪಾನನಿಷೇಧವಿರುವ ಲಕ್ಷದ್ವೀಪದಲ್ಲಿ ಮದ್ಯಕ್ಕೆ ಅನುಮತಿ ಇದ್ದದ್ದು ಜನವಸತಿಯಿಲ್ಲದ ಈ ಒಂದು ದ್ವೀಪದಲ್ಲಿ. ಎರಡು ದಶಕಕ್ಕೂ ಹೆಚ್ಚು ಕಾಲ ನಡೆದ ರೆಸಾರ್ಟು ಗುತ್ತಿಗೆಯ ಜಗಳದಲ್ಲಿ ಮುಚ್ಚಿತು.

ಇನ್ನೊಂದು ಜಗಳ ದೊಡ್ಡ ತೀರ್ಪಿಗೆ ದಾರಿಯಾಯಿತು. ಅಗತ್ತಿಯ ಒಂದು ರೆಸಾರ್ಟಿಗೆ ಅನುಮತಿಯ ಪ್ರಶ್ನೆ ಎದ್ದು ಸುಪ್ರೀಂ ಕೋರ್ಟ್ ತಲುಪಿದಾಗ, 2012ರ ಮೇನಲ್ಲಿ ನ್ಯಾಯಾಲಯ ಆ ಒಂದು ಕಟ್ಟಡದ ವಿಚಾರಕ್ಕೆ ನಿಲ್ಲದೆ ಇಡೀ ದ್ವೀಪಸಮೂಹದ ಅಭಿವೃದ್ಧಿ ಹೇಗಿರಬೇಕೆಂದು ಹೇಳಲು ತಜ್ಞರ ಸಮಿತಿ ನೇಮಿಸಿತು. ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಸುಪ್ರೀಂ ಕೋರ್ಟಿಗೆ ಹೋಗುವ ಮೊದಲು ಕರ್ನಾಟಕ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಕೂತವರು. ಪ್ರತಿ ದ್ವೀಪಕ್ಕೂ ಬೇರೆಯಾದ ಯೋಜನೆ ಇರಬೇಕು, ದ್ವೀಪ ಎಷ್ಟು ಭಾರ ತಾಳುತ್ತದೋ ಅಷ್ಟೇ ಹೊರಿಸಬೇಕು, ಅಲ್ಲಿನ ಚುನಾಯಿತ ಪಂಚಾಯಿತಿಗಳನ್ನು ಕೇಳಿ ಮಾಡಬೇಕು ಎಂಬ ದಿಕ್ಕಿನಲ್ಲಿ ಅವರ ಶಿಫಾರಸು ಇತ್ತು. ದ್ವೀಪಗಳ ಸಮಗ್ರ ನಿರ್ವಹಣಾ ಯೋಜನೆಗಳು ಇದರ ಮೇಲೆ ನಿಂತವು. ಒಳ್ಳೆಯ ಕೆಲಸ. ಅದನ್ನು ಸವೆಸುವ ಕೆಲಸವೂ ಸ್ವಲ್ಪದರಲ್ಲೇ ಶುರುವಾಯಿತು.

2017ರ ಜೂನ್‌ನಲ್ಲಿ ಗೃಹಸಚಿವರ ಅಧ್ಯಕ್ಷತೆಯಲ್ಲಿ ದ್ವೀಪ ಅಭಿವೃದ್ಧಿ ಸಂಸ್ಥೆ ಹುಟ್ಟಿತು. ನೀತಿ ಆಯೋಗ ಕಾಗದಪತ್ರ ತಯಾರಿಸಿತು. ಉತ್ತೇಜನಗಳು ಎರಡು ಬಗೆಯವು. ಮೊದಲನೆಯದು ನೇರ ಹಣ. ಲಕ್ಷದ್ವೀಪ ಮತ್ತು ಅಂಡಮಾನ್ ನಿಕೋಬಾರ್‌ಗೆಂದು 2018ರಲ್ಲಿ ಬಂದ ಕೈಗಾರಿಕಾ ಅಭಿವೃದ್ಧಿ ಯೋಜನೆಯಲ್ಲಿ ಯಂತ್ರೋಪಕರಣಕ್ಕೆ ಹಾಕಿದ ಬಂಡವಾಳದ ಶೇ 30ರಷ್ಟನ್ನು, ಗರಿಷ್ಠ 5 ಕೋಟಿ ರೂಪಾಯಿವರೆಗೆ, ಕೇಂದ್ರ ಕೊಡುವುದೆಂದಿತ್ತು. ದುಡಿಯುವ ಬಂಡವಾಳದ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ. ವಿಮೆಯ ಕಂತು ವಾಪಸು. ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು ಐದು ವರ್ಷ ವಾಪಸು. ಆದಾಯ ತೆರಿಗೆಯಲ್ಲಿ ಕೇಂದ್ರದ ಪಾಲೂ ವಾಪಸು. ಸಾಗಣೆ ವೆಚ್ಚದಲ್ಲೊಂದು ಭಾಗ. 2020ರ ಮಾರ್ಚ್‌ವರೆಗೆ ನೋಂದಾಯಿಸಿದವರಿಗೆ ಎಂದು ಗಡುವಿತ್ತು.

ಎರಡನೆಯ ಬಗೆಯದು ಲೆಕ್ಕಪುಸ್ತಕದಲ್ಲಿ ಸಹಾಯಧನ ಎಂದು ಕಾಣುವುದೇ ಇಲ್ಲ, ನನ್ನ ಪ್ರಕಾರ ದೊಡ್ಡದು ಅದೇ. 2021ರ ಆಗಸ್ಟ್‌ನಲ್ಲಿ ಲಕ್ಷದ್ವೀಪ ಆಡಳಿತ ಮೂರು ಕಡೆಗೆ ಜಾಗತಿಕ ಟೆಂಡರ್ ಕರೆಯಿತು: ಮಿನಿಕಾಯ್‌ನಲ್ಲಿ 150 ವಿಲ್ಲಾ, ಸುಹೇಲಿಯಲ್ಲಿ 110, ಕಡ್ಮತ್‌ನಲ್ಲಿ 110. ಒಟ್ಟು 370, ಅಂದಾಜು ಬಂಡವಾಳ 806 ಕೋಟಿ. ವಿಲ್ಲಾ ಒಂದಕ್ಕೆ ಎರಡು ಕೋಟಿಗೂ ಮಿಗಿಲು. ಜಾಗ ಸರ್ಕಾರದ್ದು. ಪರಿಸರ ಮತ್ತು ಕರಾವಳಿ ವಲಯದ ಅನುಮತಿಗಳನ್ನು ಸರ್ಕಾರವೇ ಮುಂಚಿತವಾಗಿ ಪಡೆದು ಕೈಗಿಡುತ್ತದೆ. ಅವಧಿ 75 ವರ್ಷ. ಹೂಡಿಕೆದಾರ ದುಡ್ಡು ತಂದು ಕಟ್ಟಿದರೆ ಸಾಕು. ಭಾರತದಲ್ಲಿ ಯಾವ ಹೋಟೆಲಿನವನನ್ನಾದರೂ ಕೇಳಿ, ಅನುಮತಿಗಾಗಿ ಅಲೆದ ವರ್ಷಗಳಿಗೆ ಬೆಲೆ ಕಟ್ಟಿ ಹೇಳುತ್ತಾನೆ. ಆ ಬೆಲೆಯನ್ನು ಇಲ್ಲಿ ಬೊಕ್ಕಸ ಹೊರುತ್ತದೆ, ಆ ಅನುಮತಿಯ ಅಪಾಯವನ್ನು ಹವಳ ಹೊರುತ್ತದೆ.

2023ರ ಜನವರಿಯಲ್ಲಿ ಟಾಟಾ ಬಳಗದ ಇಂಡಿಯನ್ ಹೋಟೆಲ್ಸ್ ಕಂಪನಿ ಸುಹೇಲಿ ಮತ್ತು ಕಡ್ಮತ್‌ನಲ್ಲಿ ಎರಡು ತಾಜ್ ರೆಸಾರ್ಟುಗಳನ್ನು ಘೋಷಿಸಿತು. ಸುಹೇಲಿಯಲ್ಲಿ ದಡದ ಮೇಲೆ 60 ವಿಲ್ಲಾ, ನೀರ ಮೇಲೆ 50. ಕಡ್ಮತ್‌ನಲ್ಲಿ ದಡದ ಮೇಲೆ 75, ನೀರ ಮೇಲೆ 35. 2026ರಲ್ಲಿ ತೆರೆಯುವ ಗುರಿ ಎಂದು ಆಗ ಹೇಳಿದ್ದರು. 2024ರ ಫೆಬ್ರುವರಿ 1ರ ಮಧ್ಯಂತರ ಬಜೆಟ್‌ನಲ್ಲಿ ಹಣಕಾಸು ಸಚಿವೆ, ಅಂದರೆ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು, ಲಕ್ಷದ್ವೀಪವನ್ನು ಹೆಸರಿಸಿ ಬಂದರು ಮತ್ತು ಪ್ರವಾಸೋದ್ಯಮ ಸೌಕರ್ಯಗಳ ಭರವಸೆ ಕೊಟ್ಟರು.

ಕಡ್ಮತ್‌ನ ನೀರಿನ ಲೆಕ್ಕ

ಈಗ ಕಡ್ಮತ್ ಒಂದನ್ನೇ ಹಿಡಿದು ನೋಡೋಣ. ಹಳೆಯ ದಕ್ಷಿಣ ಕನ್ನಡದ್ದೇ ದ್ವೀಪವಲ್ಲವೇ. ಉದ್ದ ಒಂಬತ್ತು ಕಿಲೊಮೀಟರ್ ಮೀರುತ್ತದೆ, ಅಗಲ ಅತಿ ಹೆಚ್ಚೆಂದರೆ ಅರ್ಧ ಕಿಲೊಮೀಟರಿನ ಆಸುಪಾಸು. 2011ರ ಜನಗಣತಿಯಲ್ಲಿ 5,404 ಜನ. ನದಿಯಿಲ್ಲ, ತೊರೆಯಿಲ್ಲ. ಮಳೆನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಬಾವಿಗೆ ಸಿಗುವುದು ಅದೇ. ಪಂಪು ಹಚ್ಚಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಶೌಚಗುಂಡಿಯ ಕೊಳೆಯೂ ಆ ಪದರವನ್ನೇ ಸೇರುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಘಟಕಗಳು. ಹವಳದ ದ್ವೀಪದ ಅಂಚು ಗೋಡೆಯಂತೆ ಕಡಿದಾಗಿ ಇಳಿಯುವುದರಿಂದ ದಡದ ಹತ್ತಿರದಲ್ಲೇ ಮುನ್ನೂರು ನಾನೂರು ಮೀಟರ್ ಆಳದ ತಣ್ಣನೆಯ ನೀರು ಸಿಗುತ್ತದೆ. ಮೇಲಿನ ಬೆಚ್ಚಗಿನ ನೀರನ್ನು ನಿರ್ವಾತದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಆ ಆವಿಯನ್ನು ಇಳಿಸಿ ಸಿಹಿನೀರು ಮಾಡುತ್ತಾರೆ. ಮೊದಲ ಘಟಕ 2005ರಲ್ಲಿ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಬಂತು. ಕಡ್ಮತ್‌ನದನ್ನು 2024ರ ಜನವರಿಯ ಅದೇ ಭೇಟಿಯಲ್ಲಿ ಪ್ರಧಾನಿ ಉದ್ಘಾಟಿಸಿದರು. ದಿನಕ್ಕೆ ಒಂದೂವರೆ ಲಕ್ಷ ಲೀಟರ್. ಸ್ನಾರ್ಕೆಲಿಂಗ್ ಫೋಟೊ ಊರೆಲ್ಲ ಹರಿದಾಡಿತು, ಈ ಘಟಕದ ಸುದ್ದಿ ಒಳಪುಟಕ್ಕೆ ಹೋಯಿತು. ದ್ವೀಪದವರಿಗೆ ಬೇಕಾಗಿದ್ದದ್ದು ಎರಡನೆಯದು.

ಒಂದೂವರೆ ಲಕ್ಷ ಲೀಟರನ್ನು 5,404 ಜನಕ್ಕೆ ಹಂಚಿದರೆ ತಲೆಗೆ 27 ಲೀಟರ್ ಚಿಲ್ಲರೆ. ಕುಡಿಯಲು, ಅಡುಗೆಗೆ ಸಾಕು, ಅದಕ್ಕಿಂತ ಹೆಚ್ಚಿಗೆ ಇಲ್ಲ. 110 ವಿಲ್ಲಾ, ಒಂದೊಂದರಲ್ಲಿ ಇಬ್ಬರು, ಒಬ್ಬರಿಗೆ ದಿನಕ್ಕೆ 300 ಲೀಟರ್ ಎಂದು ಹಿಡಿಯಿರಿ. ಈಜುಕೊಳ, ಬಟ್ಟೆ ಒಗೆತ, ಹುಲ್ಲುಹಾಸು ಇರುವ ಐಷಾರಾಮಿ ಹೋಟೆಲಿಗೆ ಇದು ಹೆಚ್ಚಿನ ಊಹೆಯಲ್ಲ. 66,000 ಲೀಟರ್ ಆಯಿತು. ಇನ್ನೂರಿಪ್ಪತ್ತು ಅತಿಥಿಗಳಿಗೆ, ಐದು ಸಾವಿರ ಜನರ ಪಾಲಿನ ಅರ್ಧಕ್ಕೆ ಹತ್ತಿರ. ರೆಸಾರ್ಟ್ ತನ್ನದೇ ಘಟಕ ಹಾಕಿಕೊಳ್ಳುತ್ತದೆ ಎನ್ನಬಹುದು, ಹಾಕಿಕೊಳ್ಳಲೇಬೇಕು ಕೂಡ. ಆದರೆ ಆ ಘಟಕಕ್ಕೆ ವಿದ್ಯುತ್ ಬೇಕು, ಲಕ್ಷದ್ವೀಪದ ವಿದ್ಯುತ್ತಿನ ಬಹುಪಾಲು ಬರುವುದು ಹಡಗಿನಲ್ಲಿ ಬಂದ ಡೀಸೆಲ್‌ನಿಂದ. ಘಟಕ ಕೆಟ್ಟರೆ ಏನಾಗುತ್ತದೆ ಎಂಬುದನ್ನು 2014ರ ಡಿಸೆಂಬರ್‌ನಲ್ಲಿ ಮಾಲ್ದೀವ್ಸ್ ನೋಡಿತು. ಮಾಲೆಯ ಉಪ್ಪುನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದು ಇಡೀ ರಾಜಧಾನಿ ಬಾಯಾರಿದಾಗ, ಭಾರತದ ವಾಯುಪಡೆ ವಿಮಾನದಲ್ಲಿ ಕುಡಿಯುವ ನೀರು ಹೊತ್ತು ಹೋಯಿತು.

ಕಾಣದ ಗೋಡೆ

ಹವಳದ ದಿಬ್ಬದ ಒಳಗಿನ ತಿಳಿನೀರು, ಅಂದರೆ ಲಗೂನ್, ಹೋಟೆಲಿನವರ ಕಣ್ಣಿಗೆ ಕಿಟಕಿಯಾಚೆಯ ನೋಟ. ದ್ವೀಪದವನಿಗೆ ಅದು ಹಿತ್ತಿಲು, ಅಂಗಡಿ, ಗೋಡೆ ಮೂರೂ. ಲಕ್ಷದ್ವೀಪದ ನೆಲ ಎಲ್ಲ ಸೇರಿ 32 ಚದರ ಕಿ.ಮೀ., ಲಗೂನುಗಳು ಸುಮಾರು 4,200 ಚದರ ಕಿ.ಮೀ. ಈ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಅಲ್ಲಿನವರ ಊರು ಯಾವುದು ಎಂಬುದು ಗೊತ್ತಾಗುತ್ತದೆ.

ಮಿನಿಕಾಯ್‌ನ ಬೆಸ್ತರು ಟ್ಯೂನಾ ಹಿಡಿಯುವುದು ಬಲೆಯಿಂದಲ್ಲ, ಗಾಳದಿಂದ. ಜೀವಂತ ಸಣ್ಣಮೀನನ್ನು ನೀರಿಗೆರಚಿ ಟ್ಯೂನಾ ಹಿಂಡನ್ನು ದೋಣಿಯ ಸುತ್ತ ಸೇರಿಸಿ, ಉದ್ದನೆಯ ಕೋಲಿನ ಗಾಳದಲ್ಲಿ ಒಂದೊಂದಾಗಿ ಎತ್ತುತ್ತಾರೆ. ಬೇಡದ ಮೀನು ಸಾಯುವುದಿಲ್ಲ, ಆಮೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಜಗತ್ತಿನಲ್ಲಿ ಇಷ್ಟು ಹದವಾಗಿ ಉಳಿದ ಮೀನುಗಾರಿಕೆಗಳು ಕಡಿಮೆ. ಈ ಸಣ್ಣಮೀನು ಸಿಗುವುದು ಲಗೂನಿನ ಹವಳದ ನಡುವೆ. ನೀರಮೇಲಿನ ವಿಲ್ಲಾಗಳಿಗೆ ಕಂಬ ನೆಡುವುದೂ ಅಲ್ಲೇ. ಕಂಬ ನೆಡುವಾಗ ಕದಡುವ ಕೆಸರು, ರಾತ್ರಿಯ ಬೆಳಕು, ಅತಿಥಿಗಳ ಏಕಾಂತಕ್ಕೆಂದು ದೋಣಿಗಳನ್ನು ದೂರ ಸರಿಸುವುದು, ಇವುಗಳಿಂದ ಬೆಸ್ತನಿಗಾಗುವ ನಷ್ಟಕ್ಕೆ ಯಾವ ಪ್ರೋತ್ಸಾಹ ಯೋಜನೆಯಲ್ಲೂ ಕಲಂ ಇಲ್ಲ.

ಹವಳವೇ ಈಗ ಸುಸ್ತಾಗಿದೆ. 1998, 2010, 2016ರಲ್ಲಿ ಸಮುದ್ರ ಕಾದು ಹವಳ ಬಿಳಿಚಿತು. 2024ರ ಬೇಸಿಗೆಯಲ್ಲಿ ಮತ್ತೊಮ್ಮೆ ವ್ಯಾಪಕವಾಗಿ ಬಿಳಿಚಿದ್ದನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವರದಿ ಮಾಡಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು 1998ರಿಂದ ಅಲ್ಲಿ ಮುಳುಗಿ ಎಣಿಸುತ್ತಿದ್ದಾರೆ. ಅವರ ಲೆಕ್ಕದಲ್ಲಿ ಇಪ್ಪತ್ತನಾಲ್ಕು ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆ ಶೇ 37ರಿಂದ ಶೇ 20ರ ಕೆಳಗೆ ಇಳಿದಿದೆ. ಮೈಸೂರಿನ ಒಂದು ಕಚೇರಿಯಲ್ಲಿ ಕುಳಿತು ಅರಬ್ಬೀ ಸಮುದ್ರದ ಹವಳದ ಲೆಕ್ಕ ಇಡುವವರಿದ್ದಾರೆ ಎಂಬುದು ನಮಗೆ ಗೊತ್ತಿರಬೇಕಾದ ಸಂಗತಿ. ಹವಳ ಸತ್ತರೆ ದಿಬ್ಬ ಸವೆಯುತ್ತದೆ, ದಿಬ್ಬ ಸವೆದರೆ ಮಳೆಗಾಲದ ಅಲೆ ನೇರ ದಡಕ್ಕೆ ಬಡಿಯುತ್ತದೆ. ಬಂಗಾರಂ ಬಳಿಯ ಪರಳಿ ಎಂಬ ಪುಟ್ಟ ನಡುಗಡ್ಡೆಗಳಲ್ಲಿ ಒಂದು ಈಗಾಗಲೇ ಸವೆದು ನೀರಡಿ ಹೋಗಿದೆ. 2024ರಲ್ಲಿ ಮಂಗಳೂರಿಗೆ ಬಂದ ಹಡಗಿಗೆ ಅದೇ ಹೆಸರು.

ಯಾರನ್ನು ಕೇಳಿದರು?

2020ರ ಡಿಸೆಂಬರ್‌ನಲ್ಲಿ ಪ್ರಫುಲ್ ಖೋಡಾ ಪಟೇಲ್ ಆಡಳಿತಾಧಿಕಾರಿಯಾಗಿ ಬಂದರು. ಮುಂದಿನ ವರ್ಷ ಹೊರಬಿದ್ದ ಕರಡು ನಿಯಮಗಳಲ್ಲಿ ಒಂದು ಅಭಿವೃದ್ಧಿ ಪ್ರಾಧಿಕಾರದ್ದು. ಯಾವ ಜಾಗವನ್ನಾದರೂ ‘ಯೋಜನಾ ಪ್ರದೇಶ’ ಎಂದು ಗುರುತಿಸಿ ಪಡೆಯುವ ಅಧಿಕಾರ ಅದರಲ್ಲಿತ್ತು. ಜೊತೆಗೆ ಗೂಂಡಾ ಕಾಯ್ದೆ, ಎರಡು ಮಕ್ಕಳ ನಿಯಮ, ಗೋಹತ್ಯೆ ನಿಷೇಧ. ಪ್ರವಾಸಿಗರಿಗೆಂದು ಜನವಸತಿಯ ದ್ವೀಪಗಳಲ್ಲೂ ಮದ್ಯಕ್ಕೆ ದಾರಿ ಮಾಡಿಕೊಡುವ ಪ್ರಸ್ತಾವ. ದಡದ ಬೆಸ್ತರ ಶೆಡ್ಡುಗಳನ್ನು ಕೆಡವಿದ್ದೂ ಆಗಲೇ. 2021ರ ಜೂನ್ 7ರಂದು ದ್ವೀಪದವರು ಮನೆಮನೆಯಲ್ಲಿ ಉಪವಾಸ ಕುಳಿತರು. ಬೀದಿಗಿಳಿದು ಕೂಗಾಡಿದ ಚಳವಳಿಯಲ್ಲ. ಕೋವಿಡ್ ಕಾಲ, ಮನೆಯ ಮುಂದೆ ಫಲಕ ಹಿಡಿದು ನಿಂತದ್ದಷ್ಟೇ.

ಜಮೀನಿನ ಜಗಳವೂ ಹಾಗೇ ಮುಂದುವರಿದಿದೆ. ಲಕ್ಷದ್ವೀಪದಲ್ಲಿ ‘ಪಂಡಾರ’ ಜಮೀನು ಎಂಬುದೊಂದಿದೆ. ಹೆಸರಿಗೆ ಭಂಡಾರದ್ದು, ಸರ್ಕಾರದ್ದು, ಆದರೆ ತಲೆಮಾರುಗಳಿಂದ ದ್ವೀಪದ ಕುಟುಂಬಗಳು ತೆಂಗು ನೆಟ್ಟು ಅನುಭವಿಸಿದ್ದು. 2024ರಲ್ಲಿ ಆಡಳಿತ ಇದರ ಸರ್ವೆಗೆ ಹೊರಟಾಗ ಜನ ತಡೆದರು, ವಿಷಯ ಕೇರಳ ಹೈಕೋರ್ಟ್ ತಲುಪಿತು. 2025ರ ಜುಲೈನಲ್ಲಿ ಬಿತ್ರಾ ದ್ವೀಪವನ್ನು ಇಡಿಯಾಗಿ ರಕ್ಷಣಾ ಉದ್ದೇಶಕ್ಕೆ ಪಡೆಯುವ ಸಲುವಾಗಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅಧಿಸೂಚನೆ ಬಂತು. 2011ರಲ್ಲಿ ಅಲ್ಲಿದ್ದವರು 271 ಜನ. ರವೀಂದ್ರನ್ ಸಮಿತಿ ಕೇಳಿ ಮಾಡಿ ಎಂದದ್ದು ಪಂಚಾಯಿತಿಗಳನ್ನು. ಆ ಪಂಚಾಯಿತಿಗಳ ಅವಧಿಯೋ 2023ರ ಆರಂಭಕ್ಕೇ ಮುಗಿದಿತ್ತು. ಪಂಡಾರ ಜಮೀನಿನ ಸರ್ವೆ ನಡೆಯುವಾಗ ಆ ಕುರ್ಚಿಗಳಲ್ಲಿ ಇದ್ದದ್ದು ಅಧಿಕಾರಿಗಳು.

ದ್ವೀಪದವರಿಗೆ ಪ್ರವಾಸಿಗರು ಬೇಡ ಎಂದು ಇದರ ಅರ್ಥವಲ್ಲ. ಅಕ್ಷರಸ್ಥರು ಶೇ 90ಕ್ಕೂ ಹೆಚ್ಚಿರುವ ಪ್ರದೇಶದಲ್ಲಿ ಸರ್ಕಾರಿ ನೌಕರಿ ಬಿಟ್ಟರೆ ಕೊಪ್ಪರ ಮತ್ತು ಮೀನು, ಇಷ್ಟೇ. ಯುವಕರಿಗೆ ಕೆಲಸ ಬೇಕು. ಅಗತ್ತಿಯಲ್ಲಿ, ಕವರತ್ತಿಯಲ್ಲಿ ಮನೆಯ ಎರಡು ಕೋಣೆ ಬಿಟ್ಟುಕೊಟ್ಟು ಹೋಮ್‌ಸ್ಟೇ ಮಾಡಿದವರಿದ್ದಾರೆ, ಡೈವಿಂಗ್ ಕಲಿಸುವವರಿದ್ದಾರೆ. ಯಂತ್ರೋಪಕರಣದ ಶೇ 30 ಸಹಾಯಧನ ಎರಡು ಕೋಣೆಯ ಹೋಮ್‌ಸ್ಟೇಗೆ ಎಟಕುವಂಥದ್ದಾಗಿರಲಿಲ್ಲ. ಹೋಮ್‌ಸ್ಟೇಯವರಿಗೆ ಬೇಕಾದ್ದು ಶೌಚದ ಕೊಳೆ ಬಾವಿಗೆ ಇಳಿಯದಂಥ ಟ್ಯಾಂಕು, ಸೌರಫಲಕ, ಹಡಗಿನಲ್ಲಿ ಖಾತ್ರಿಯಾದ ಸೀಟು, ಪರ್ಮಿಟ್ ಬೇಗ ಸಿಗುವ ವ್ಯವಸ್ಥೆ. ಇವೆಲ್ಲ ಸಣ್ಣ ಖರ್ಚುಗಳು. ಸಣ್ಣ ಖರ್ಚಿಗೆ ಹೂಡಿಕೆದಾರರ ಸಮ್ಮೇಳನ ಕರೆಯಲು ಬರುವುದಿಲ್ಲವಲ್ಲ.

ಮಾಲ್ದೀವ್ಸ್ ವಸೂಲಿ ಮಾಡುತ್ತದೆ

ಲಕ್ಷದ್ವೀಪವನ್ನು ಮಾಲ್ದೀವ್ಸ್ ಮಾಡುತ್ತೇವೆ ಎನ್ನುವವರು ಮಾಲ್ದೀವ್ಸ್‌ನ ತೆರಿಗೆ ಪುಸ್ತಕ ಓದಿದಂತಿಲ್ಲ. ಅಲ್ಲಿ ಮೊದಲ ರೆಸಾರ್ಟ್ ಕುರುಂಬಾ ತೆರೆದದ್ದು 1972ರಲ್ಲಿ. ಜನರಿಲ್ಲದ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಅವರ ಪದ್ಧತಿ, ಹಾಗೆ ಬಿಟ್ಟುಕೊಡಲು ಅವರಿಗೆ ಸುಮಾರು 1,200 ದ್ವೀಪಗಳಿವೆ. ಲಕ್ಷದ್ವೀಪದಲ್ಲಿರುವುದು 36, ಅದರಲ್ಲಿ ಹತ್ತರಲ್ಲಿ ಜನ, ಚದರ ಕಿ.ಮೀ.ಗೆ ಎರಡು ಸಾವಿರಕ್ಕೂ ಹೆಚ್ಚು.

ಅವರು ಕೊಡುವುದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಾರೆ. ದ್ವೀಪಕ್ಕೆ ಬಾಡಿಗೆ. ಪ್ರವಾಸೋದ್ಯಮದ ಮೇಲಿನ ಜಿಎಸ್‌ಟಿ 2025ರ ಜುಲೈನಿಂದ ಶೇ 17. ಅದರ ಮೇಲೆ ಹಸಿರು ತೆರಿಗೆ: ರೆಸಾರ್ಟಿನಲ್ಲಿ ತಂಗುವ ಪ್ರತಿ ಪ್ರವಾಸಿಗೂ ಒಂದು ರಾತ್ರಿಗೆ 12 ಡಾಲರ್, ಅಂದರೆ ಸಾವಿರ ರೂಪಾಯಿ ಮೇಲೆ. ಇಷ್ಟು ಕೊಟ್ಟೂ ಜಗತ್ತು ಅಲ್ಲಿಗೆ ಹೋಗುತ್ತದೆ. 2009ರ ನಂತರ ಜನವಸತಿಯ ದ್ವೀಪಗಳಲ್ಲೂ ಸ್ಥಳೀಯರ ಗೆಸ್ಟ್‌ಹೌಸ್‌ಗೆ ಅನುಮತಿ ಕೊಟ್ಟ ಮೇಲೆ ಹಣ ಸ್ವಲ್ಪ ಹಂಚಿಕೆಯಾಯಿತು. ಎಲ್ಲವೂ ಚೆಂದವಿಲ್ಲ ಅಲ್ಲಿ. ಮಾಲೆಯ ಪಕ್ಕದ ತಿಲಫುಶಿ ಕಸ ತುಂಬಿಯೇ ಎದ್ದ ದ್ವೀಪ. ಆದರೂ ತಮ್ಮ ಸಮುದ್ರಕ್ಕೆ ಬೆಲೆಯಿದೆ ಎಂಬುದು ಆ ಸರ್ಕಾರಕ್ಕೆ ಗೊತ್ತು. ನಾವು ಅದೇ ಸಮುದ್ರದ ಮೇಲ್ತುದಿಯಲ್ಲಿ ಕುಳಿತು, ಬರುವವರಿಗೆ ಶೇ 30 ನಾವೇ ಕೊಡುತ್ತೇವೆ ಎಂದೆವು.

ಮೊದಲು ಕೊಟ್ಟು ಆಮೇಲೆ ಕೆಡವುವ ಕಥೆ ಕೂಕಟ್‌ಪಲ್ಲಿಯವರಿಗೆ ಹೊಸದಲ್ಲ. ಎಫ್‌ಟಿಎಲ್, ಬಫರ್ ಝೋನ್ ಎಂಬ ಪದಗಳನ್ನು ಇಲ್ಲಿ ಆಟೊ ಚಾಲಕರೂ ಬಲ್ಲರು. ಕೆರೆ ತುಂಬಿದಾಗ ನೀರು ನಿಲ್ಲುವ ಗೆರೆ, ಅಂದರೆ ಎಫ್‌ಟಿಎಲ್, ಎಲ್ಲಿದೆ ಎಂಬುದು ದಾಖಲೆಯಲ್ಲಿತ್ತು, ಆದರೂ ನಲ್ಲಚೆರುವಿನ ಅಂಚಿನಲ್ಲಿ ಶೆಡ್ಡುಗಳೆದ್ದವು, ಬಾಡಿಗೆ ವಸೂಲಾಯಿತು, ವ್ಯಾಪಾರ ನಡೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಕೆರೆ ಒತ್ತುವರಿ ತೆರವು ಮಾಡಿಸುವ ಸರ್ಕಾರಿ ಸಂಸ್ಥೆ ಹೈಡ್ರಾದವರ ಜೆಸಿಬಿ ಬಂದು ಅವುಗಳನ್ನು ಕೆಡವಿದಾಗ ಸಾಮಾನು ಕಳೆದುಕೊಂಡು ಅತ್ತವರು ಅಲ್ಲಿ ಸಣ್ಣ ಕಸುಬು ಮಾಡಿಕೊಂಡಿದ್ದ ಬಾಡಿಗೆದಾರರು. ಕೆರೆಯ ಹೂಳನ್ನಾದರೂ ತೆಗೆಯಬಹುದು, ಅಂಚನ್ನು ಮತ್ತೆ ಕಟ್ಟಬಹುದು. ಹವಳದ ದಿಬ್ಬವನ್ನು ಯಾವ ಜೆಸಿಬಿಯೂ ಮತ್ತೆ ಬೆಳೆಸದು.

ಹಾಗಾದರೆ ತಾಜ್ ಬೇಡವೇ? ಬರಲಿ. ದಡದ ಮೇಲಿನ ವಿಲ್ಲಾಗಳಿಗೆ, ಸ್ವಂತ ನೀರು, ಸ್ವಂತ ಸೌರವಿದ್ಯುತ್, ಸ್ವಂತ ಕೊಳಚೆ ಶುದ್ಧೀಕರಣದ ಷರತ್ತಿನೊಂದಿಗೆ ಕಡ್ಮತ್‌ನಲ್ಲಿ ಜಾಗ ಮಾಡಿಕೊಡಬಹುದು. ನೀರಿನ ಮೇಲಿನ 35 ವಿಲ್ಲಾಗಳನ್ನು ಕೈಬಿಡಬೇಕು. ಅವಿಲ್ಲದೆಯೂ ಬಂಗಾರಂ ಎರಡು ದಶಕ ನಡೆದಿತ್ತು. ಬಂಡವಾಳಕ್ಕೆಂದು ಮುಂದೆ ಸಹಾಯಧನ ಕೊಡುವುದಾದರೆ ಅದು ಹೋಮ್‌ಸ್ಟೇಗಳ ಟ್ಯಾಂಕು ಮತ್ತು ಸೌರಫಲಕಕ್ಕೆ ಹೋಗಲಿ. ಐದುತಾರಾ ಬಳಗಗಳಿಗೆ ಸರ್ಕಾರದ 5 ಕೋಟಿಯ ಹಂಗಿಲ್ಲ. ಮಂಗಳೂರಿನ ಹಳೆ ಬಂದರಿನಲ್ಲಿ ದ್ವೀಪದ ಹಡಗುಗಳಿಗೆಂದೇ ಕಟ್ಟೆ ಕಟ್ಟಿ ಮುಗಿಸುವ ಹೊಣೆ ಕರ್ನಾಟಕ ಸರ್ಕಾರದ್ದು. ದ್ವೀಪದವರಿಗೆ ನಾವು ನೇರವಾಗಿ ಮಾಡಬಹುದಾದ ಉಪಕಾರ ಅದೊಂದೇ.

ಎಲ್ಲಕ್ಕಿಂತ ಮೊದಲು ಲಗೂನಿಗೆ ಬಾಡಿಗೆ ಕಟ್ಟಬೇಕು. ಮಾಲ್ದೀವ್ಸ್‌ನ ಹಸಿರು ತೆರಿಗೆಯಂತೆ ಪ್ರತಿ ಅತಿಥಿಗೆ, ಪ್ರತಿ ರಾತ್ರಿಗೆ, ಇಂತಿಷ್ಟು. ಆ ಹಣ ದೆಹಲಿಗೂ ಕವರತ್ತಿಯ ಸಚಿವಾಲಯಕ್ಕೂ ಹೋಗಬಾರದು, ಆಯಾ ದ್ವೀಪದ ಚುನಾಯಿತ ಪಂಚಾಯಿತಿಯ ಖಾತೆಗೆ ಹೋಗಬೇಕು. ದರ ಎಷ್ಟೆಂದು ತೀರ್ಮಾನಿಸುವವರೂ ಅವರೇ ಆಗಬೇಕು. ಹುರಿಯ ಬೆಲೆಯನ್ನು ಮಂಗಳೂರಿನಲ್ಲಿ ಕುಳಿತವರು ಕಟ್ಟಿದ್ದು ಒಮ್ಮೆ ಸಾಕು. 75 ವರ್ಷದ ಕರಾರಿನಲ್ಲಿ ಈ ಸಾಲನ್ನು ಸಹಿ ಬೀಳುವ ದಿನವೇ ಸೇರಿಸಬೇಕು, ವಿಲ್ಲಾಗಳು ಎದ್ದ ಮೇಲೆ ಸೇರಿಸಲು ಯಾವ ಕಂಪನಿಯೂ ಒಪ್ಪುವುದಿಲ್ಲ.